ಮೂರು ಸೂರ್ಯರ ಊರಲ್ಲಿ ಕತ್ತಲಾಗುವುದು ಯಾವಾಗ?

ತಾರಸಿಯ ಮೇಲೆ ಟೆಲಿಸ್ಕೋಪ್ ಇಟ್ಟುಕೊಂಡವನನ್ನು ಮೊದಲೆಲ್ಲ ಜನ ಕೇಳುತ್ತಿದ್ದುದು ಶನಿಯ ಬಳೆಯ ಬಗ್ಗೆ. 2024ರಲ್ಲಿ ಲಿಯು ಸಿಶಿನ್ ಕಾದಂಬರಿ ‘ತ್ರೀ ಬಾಡಿ ಪ್ರಾಬ್ಲಂ’ ನೆಟ್‌ಫ್ಲಿಕ್ಸ್‌ಗೆ ಬಂದದ್ದೇ ಬಂದದ್ದು, ಈಗ ಎಲ್ಲರದ್ದೂ ಒಂದೇ ಪ್ರಶ್ನೆ: “ಮೂರು ಸೂರ್ಯರಿರೋ ಆ ಜಾಗ ನಿಜವಾಗ್ಲೂ ಇದೆಯಾ? ಅಲ್ಲಿ ಹಾಗೇ ಆಗುತ್ತಾ?” ‘ಹಾಗೇ’ ಅಂದರೆ, ಕಥೆಯಲ್ಲಿ ಮೂರು ಸೂರ್ಯರ ಎಳೆದಾಟಕ್ಕೆ ಸಿಕ್ಕ ಗ್ರಹವೊಂದರಲ್ಲಿ ಹಗಲು–ರಾತ್ರಿಗೆ ಲೆಕ್ಕವೇ ಇಲ್ಲ, ಮತ್ತೆ ಮತ್ತೆ ಪ್ರಳಯ.

ಜಾಗ ಇದೆ. ಹಾಗೆ ಆಗುವುದಿಲ್ಲ.

ಕಥೆಯ ಗ್ರಹ ಇರುವುದು ಆಲ್ಫಾ ಸೆಂಟಾರಿ ಎಂಬ ನಕ್ಷತ್ರಕೂಟದಲ್ಲಿ. ಮೇ ತಿಂಗಳ ರಾತ್ರಿ ಬೆಂಗಳೂರಿನಿಂದಲೇ ದಕ್ಷಿಣಕ್ಕೆ ನೋಡಿ, ತ್ರಿಶಂಕು ನಕ್ಷತ್ರಪುಂಜದ ಎಡಕ್ಕೆ, ದಿಗಂತದಿಂದ ಸ್ವಲ್ಪವೇ ಮೇಲೆ ಕಾಣುತ್ತದೆ. ಬರಿಗಣ್ಣಿಗೆ ಒಂದೇ ಚುಕ್ಕಿ. ಅದು ಜೋಡಿ ಎಂದು ಮೊದಲು ಕಂಡುಕೊಂಡದ್ದು ನಮ್ಮ ಪಕ್ಕದ ಪಾಂಡಿಚೇರಿಯಲ್ಲಿ, 1689ರಲ್ಲಿ. ಧೂಮಕೇತು ನೋಡುತ್ತಿದ್ದ ರಿಶೋ ಎಂಬ ಪಾದ್ರಿಯ ಕಣ್ಣಿಗೆ ಬಿತ್ತು.

ಈ ಜೋಡಿ ಸುಮಾರು 80 ವರ್ಷಕ್ಕೊಮ್ಮೆ ಪರಸ್ಪರ ಸುತ್ತು ಹಾಕುತ್ತದೆ. ಹತ್ತಿರ ಬಂದಾಗ ನಡುವಿನ ಅಂತರ ಸೂರ್ಯನಿಂದ ಶನಿಗಿರುವುದಕ್ಕಿಂತ ತುಸು ಹೆಚ್ಚು, ದೂರವಾದಾಗ ಪ್ಲೂಟೋಗಿರುವುದಕ್ಕಿಂತ ತುಸು ಕಡಿಮೆ. ಒಂದರ ಸುತ್ತ ಭೂಮಿಯಂಥ ಗ್ರಹವಿದ್ದರೆ ಅದರ ಕಕ್ಷೆ ಅಲ್ಲಾಡುವುದಿಲ್ಲ. ಆದರೆ ವರ್ಷದಲ್ಲಿ ಕೆಲವು ತಿಂಗಳು ರಾತ್ರಿಯೇ ಸರಿಯಾಗಿ ಆಗದು. ಎರಡನೆಯ ಸೂರ್ಯ ದೂರವಿದ್ದಾಗಲೂ ನೂರಕ್ಕೂ ಹೆಚ್ಚು ಹುಣ್ಣಿಮೆಗಳಷ್ಟು ಬೆಳಕು ಚೆಲ್ಲುತ್ತಾನೆ. ಪ್ರಳಯವಿಲ್ಲ, ನಿದ್ದೆಗೇಡು ಅಷ್ಟೆ.

ಮೂರನೆಯವನದ್ದು ಬೇರೆಯೇ ಕಥೆ. ಪ್ರಾಕ್ಸಿಮಾ ಎಂಬ ಈ ಕೆಂಪು ಕುಬ್ಜ, ಅಂದರೆ ಪುಟ್ಟ ಮಂಕು ನಕ್ಷತ್ರ, ಆ ಜೋಡಿಯಿಂದ ಸೂರ್ಯ–ಭೂಮಿ ಅಂತರದ ಸುಮಾರು 13,000 ಪಟ್ಟು ಆಚೆಗಿದೆ. ಒಂದು ಸುತ್ತಿಗೆ ಐದು ಲಕ್ಷ ವರ್ಷ ದಾಟುತ್ತದೆ. ಆ ಗ್ರಹದಲ್ಲಿ ನಿಂತವರಿಗೆ ಅದು ಸೂರ್ಯನಂತೆ ಕಾಣುವುದಿರಲಿ, ಮಂಕು ನಕ್ಷತ್ರ. ಬೆರಳು ಮಾಡಿ ತೋರಿಸದಿದ್ದರೆ ಗೊತ್ತೇ ಆಗದು.

ಕಾದಂಬರಿಕಾರ ಮೂವರನ್ನೂ ಒಂದೇ ಅಂಗಳಕ್ಕೆ ಎಳೆದು ತಂದದ್ದರಿಂದಲೇ ಆ ಗೊಂದಲ. ಅದರ ಗಣಿತ ಸುಳ್ಳಲ್ಲ: ಮೂವರು ಸಮಬಲರು ಹತ್ತಿರ ಹತ್ತಿರ ಸುತ್ತಿದರೆ ಯಾರು ಯಾವಾಗ ಎಲ್ಲಿರುತ್ತಾರೆಂದು ಬಹುಕಾಲದ ಲೆಕ್ಕ ಹಾಕಲಾಗದು. ಸಾಮಾನ್ಯವಾಗಿ ಇಬ್ಬರು ಒಂದಾಗಿ ಮೂರನೆಯವನನ್ನು ಹೊರಗಟ್ಟುತ್ತಾರೆ. ಹಾಗಾಗಿಯೇ ಕೋಟ್ಯಂತರ ವರ್ಷ ಬಾಳಿದ ಕೂಟಗಳಲ್ಲಿ ಜೋಡಿ ಒಳಗೆ, ಒಂಟಿ ದೂರ. ಈ ಒಂದು ಸುಳ್ಳಿಗಾಗಿ ನಾನಂತೂ ಲೇಖಕರ ಮೇಲೆ ಮುನಿಸಿಕೊಳ್ಳುವವನಲ್ಲ.

ಇನ್ನೂ ದೊಡ್ಡ ಕೂಟ ಬೇಕೆಂದರೆ ನಿಮ್ಮ ಮದುವೆ ನೆನಪಿಸಿಕೊಳ್ಳಿ. ಪುರೋಹಿತರು ಹಗಲು ಹನ್ನೆರಡಕ್ಕೆ ಆಕಾಶಕ್ಕೆ ಕೈ ತೋರಿಸಿ, ನೀವು “ಕಂಡಿತು” ಎಂದಿರಲ್ಲ, ಆ ವಸಿಷ್ಠ–ಅರುಂಧತಿಯಲ್ಲಿ ಒಟ್ಟು ಆರು ನಕ್ಷತ್ರಗಳಿವೆ.