ಕಟಿಂಗ್ ಶಾಪಲ್ಲಿ ಸಿಕ್ಕ ಸುದ್ದಿ

ಬೆಳಿಗ್ಗೆ ವಿರಾಜಪೇಟೆಯಲ್ಲಿ ಕಟಿಂಗ್‌ಗೆ ಕೂತಿದ್ದೆ. ಹೊರಗೆ ಜೋರು ಮಳೆ. ಪಕ್ಕದ ಕುರ್ಚಿಯವರು ಕೇಳಿದರು, "ನಿಮ್ಮ ಕಾಳುಮೆಣಸು ಕೊಟ್ಟುಬಿಟ್ರಂತೆ?" ಮೆಣಸು ನಮ್ಮದೇ, ಗೋಡೌನ್ ಕೀಲಿ ನನ್ನ ಜೇಬಲ್ಲೇ. ಸುದ್ದಿ ಮಾತ್ರ ನನಗೆ ಹೊಸದು! ಬೆಂಗಳೂರಿನ ಅಣ್ಣ ಸೀದಾ ವ್ಯಾಪಾರಿಗೆ ಫೋನ್ ಮಾಡಿ ರೇಟು ಮುಗಿಸಿದ್ದಾನೆ.

ಅರ್ಧ ಕತ್ತರಿಸಿದ ತಲೆಯಲ್ಲಿ ಆರ್ಮಿನ್ ಮೇಯರ್ ನೆನಪಾದರು. 1971ರಲ್ಲಿ ಜಪಾನಿನಲ್ಲಿ ಅಮೆರಿಕದ ರಾಯಭಾರಿ. ಆ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದಿಂದ ಗುಟ್ಟಾಗಿ ಬೀಜಿಂಗ್‌ಗೆ ಹೋಗಿ ಬಂದರು. ತಾನು ಚೀನಾಕ್ಕೆ ಹೋಗುತ್ತೇನೆ ಅಂತ ನಿಕ್ಸನ್ ಘೋಷಿಸಿದಾಗ ಮೇಯರ್ ಕೂಡ ಟೋಕಿಯೊದಲ್ಲಿ ಕ್ಷೌರಕ್ಕೆ ಕೂತಿದ್ದರು. ರೇಡಿಯೊ ಕೇಳಿ ಗೊತ್ತಾಯಿತು! ಮರುವರ್ಷ ಏಪ್ರಿಲ್‌ನಲ್ಲಿ ಕಿಸಿಂಜರ್ ಮಾಸ್ಕೋಗೂ ಹಾಗೇ ಹೋದರು. ಅದೇ ಊರಲ್ಲಿದ್ದ ಅಮೆರಿಕದ ರಾಯಭಾರಿ ಜೇಕಬ್ ಬೀಮ್‌ಗೆ ಹೇಳಿದ್ದು ಮಾತುಕತೆ ಮುಗಿಯುವ ಹೊತ್ತಿಗೆ.

ಗುಟ್ಟು ಬೇಕಿತ್ತು, ಒಪ್ಪೋಣ. ಆದರೆ ಮರುದಿನ ಅಲ್ಲಿಯವರು "ಏನ್ರೀ ಇದು?" ಅಂತ ಕೇಳೋದು ರಾಯಭಾರಿಯನ್ನೇ ಅಲ್ವಾ? ಮುಖ ಕೊಡಬೇಕಾದವರು ಅವರು. ಒಂದು ಗಂಟೆ ಮುಂಚೆ ಒಂದು ಮಾತು ಹೇಳಿದ್ದರೆ ಏನು ಹೋಗುತ್ತಿತ್ತು?

ವಿರಾಜಪೇಟೆಯಲ್ಲೇ ಹುಟ್ಟಿದ ಸಿ.ಬಿ. ಮುತ್ತಮ್ಮ 1970ರಲ್ಲಿ ಹಂಗೆರಿಗೆ ರಾಯಭಾರಿಯಾಗಿ ಹೋದವರು. ನಮ್ಮ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು. ಈಗಿದ್ದಿದ್ದರೆ "ನಿಮಗೂ ಹೀಗಾಗಿತ್ತಾ?" ಅಂತ ಕೇಳಬಹುದಿತ್ತು, ಸುಮ್ನೆ.

ಅಣ್ಣನಿಗೆ ಫೋನ್ ಮಾಡಿದೆ. "ನಿನಗೆ ಹೇಳೋಣ ಅಂತಲೇ ಇದ್ದೆ ಕಣೋ" ಅಂದ. ನಾಳೆ ಲಾರಿ ಬರುತ್ತದಂತೆ. ಕೀಲಿ ಇನ್ನೂ ನನ್ನ ಜೇಬಲ್ಲೇ ಇದೆ.