ಎರಡನೇ ಹಂತ ಕೊನೆಗೂ ಹೊತ್ತಿಕೊಂಡಿತು

ನನ್ನ ಎರಡು ಹಂತದ ಮಾದರಿ ರಾಕೆಟ್ ಮೂರನೇ ಸಲಕ್ಕೆ ಸರಿಯಾಗಿ ಹಾರಿತು. ಮೊದಲೆರಡು ಸಲ ಏನು ಕೆಟ್ಟಿತು ಅನ್ನೋದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ರಾಕೆಟ್ ಸರಳವಾದದ್ದೇ. 25 ಮಿ.ಮೀ. ವ್ಯಾಸದ ಕಾಗದದ ಕೊಳವೆ, ಬಾಲ್ಸಾ ಮರದ ರೆಕ್ಕೆಗಳು, ಪ್ಲಾಸ್ಟಿಕ್ ಮೂತಿ. ಕೆಳಗೆ ಗೇಣಿಗಿಂತ ಚಿಕ್ಕ ಬೂಸ್ಟರ್, ಅಂದ್ರೆ ಮೊದಲು ಉರಿದು ಕಳಚಿಕೊಳ್ಳುವ ಹಂತ, ಮೇಲೆ ಉಳಿದದ್ದೆಲ್ಲ. ಎರಡರಲ್ಲೂ 18 ಮಿ.ಮೀ. ದಪ್ಪದ ಕಪ್ಪು ಮದ್ದಿನ ಮೋಟಾರ್. ಕೆಳಗಿನದು ಸಿ6-0, ಮೇಲಿನದು ಸಿ6-7. ಅಕ್ಷರ ಒಟ್ಟು ಇಂಪಲ್ಸ್‌ನ, ಅಂದ್ರೆ ಸರಾಸರಿ ತಳ್ಳುಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದರ, ವರ್ಗ ಹೇಳುತ್ತದೆ. ಬಿ ವರ್ಗದ ಮಿತಿ 5 ನ್ಯೂಟನ್-ಸೆಕೆಂಡ್, ಸಿ ವರ್ಗದ್ದು 10. ಮಧ್ಯದ 6 ಅಂದ್ರೆ ಸರಾಸರಿ 6 ನ್ಯೂಟನ್ ತಳ್ಳುಬಲ. ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಹೊರದೂಡುವ ಮದ್ದು ಎಷ್ಟು ಸೆಕೆಂಡಿಗೆ ಸಿಡಿಯುತ್ತದೆ ಅನ್ನೋದು ಕೊನೆಯ ಅಂಕಿ.

ಅಲ್ಲಿ ಸೊನ್ನೆ ಇದ್ದರೆ ಕಾಯುವುದೂ ಇಲ್ಲ, ಸಿಡಿಯುವ ಮದ್ದೂ ಇಲ್ಲ. ಆ ಮೋಟಾರಿನ ಮೇಲ್ತುದಿಗೆ ಮುಚ್ಚಳವೇ ಇರುವುದಿಲ್ಲ. ಗಟ್ಟಿಯಾಗಿ ಒತ್ತಿದ ಮದ್ದು ಹಾಗೇ ಕಾಣುತ್ತದೆ. ಉರಿ ಆ ತುದಿಗೆ ಬಂದು ಕೊನೆಯ ತೆಳು ಪದರ ಒಡೆದಾಗ ಬಿಸಿ ಗಾಳಿ, ಕೆಂಡದ ಚೂರು ಎಲ್ಲ ಮೇಲಿನ ಮೋಟಾರಿನ ನಾಜಲ್, ಅಂದ್ರೆ ಬೆಂಕಿ ಹೊರಬರುವ ಬಾಯಿಯ, ಒಳಗೆ ನುಗ್ಗಬೇಕು. ಮೇಲೆ ಬೆಂಕಿ ಹೊತ್ತಿಸೋಕೆ ಇಗ್ನೈಟರ್ ಇಲ್ಲ, ಬ್ಯಾಟರಿ ಇಲ್ಲ. ಇದಿಷ್ಟೇ ಏರ್ಪಾಡು. ಕಪ್ಪು ಮದ್ದಿನ ಬದಲು ರಬ್ಬರಿನಂಥ ಇಂಧನ ಇರುವ ಕಾಂಪೋಸಿಟ್ ಮೋಟಾರಿಗಾದರೆ ಈ ಉಪಾಯ ನಡೆಯುವುದಿಲ್ಲ, ಹೊತ್ತಿಸೋಕೆ ಟೈಮರೋ ಎತ್ತರ ಅಳೆಯುವ ಆಲ್ಟಿಮೀಟರೋ ಬೇಕು.

ಮೊದಲ ಹಾರಾಟ. ಎರಡು ಮೋಟಾರುಗಳನ್ನು ಒಂದಕ್ಕೊಂದು ತಾಗಿಸಿ, ಸೇರುವ ಜಾಗದಲ್ಲಿ ಸೆಲ್ಲೋ ಟೇಪ್ ಒಂದು ಸುತ್ತು ಹಾಕಬೇಕು. ನಾನು ಹಾಕಲಿಲ್ಲ. ಹಂತಗಳ ಜೋಡಣೆಯೇ ಬಿಗಿಯಾಗಿದೆ, ಟೇಪ್ ಯಾಕೆ ಅಂತ ಸುಮ್ನೆ ಬಿಟ್ಟೆ. ಬೂಸ್ಟರ್ ಎರಡು ಸೆಕೆಂಡಿನಷ್ಟು ಚೆನ್ನಾಗಿ ಉರಿಯಿತು. ಆಮೇಲೆ ‘ಪಟ್’ ಅಂದಿತು, ಕಳಚಿಕೊಂಡಿತು. ಮೇಲಿನದು ಹೊಗೆಯೇ ಇಲ್ಲದೆ ಇನ್ನೊಂದಿಷ್ಟು ಏರಿ, ಮೂತಿ ತಿರುಗಿಸಿ ನೆಟ್ಟಗೆ ನೆಲದ ಕಡೆಗೆ ಬಂತು.

“ಅಣ್ಣಾ, ಪ್ಯಾರಾಚೂಟ್ ಎಲ್ಲಿ?” ಅಂತ ತಂಗಿ ಕೂಗಿದಳು. ಎಲ್ಲಿಂದ ಬರಬೇಕು? ಮೋಟಾರೇ ಹೊತ್ತಿಲ್ಲ ಅಂದ ಮೇಲೆ ಅದನ್ನು ಹೊರದೂಡುವ ಮದ್ದೂ ಹೊತ್ತುವುದಿಲ್ಲ. ಮೂತಿ ನಾಲ್ಕು ಬೆರಳು ನೆಲದೊಳಗೆ ಹೋಗಿತ್ತು. ಕೊಳವೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಚಿಕೊಂಡಿತ್ತು. ಅವತ್ತಿನಿಂದ ನಮ್ಮಲ್ಲಿ ಯಾರೂ ಕೂತು ನೋಡುವ ಹಾಗಿಲ್ಲ, ಎದ್ದು ನಿಂತೇ ನೋಡಬೇಕು.

ಮನೆಗೆ ಬಂದು ನಾಜಲ್ ಒಳಗೆ ಟಾರ್ಚ್ ಬಿಟ್ಟೆ. ಬಾಯಿಯ ಅಂಚಿಗೆಲ್ಲ ಮಸಿ ಮೆತ್ತಿದೆ. ಒಳಗಿನ ಮದ್ದು ಮಾತ್ರ ಹೊಸದರ ಹಾಗೇ ಇದೆ. ಬೆಂಕಿ ಹೊಸ್ತಿಲ ತನಕ ಬಂದು ವಾಪಸ್ ಹೋಗಿದೆ! ಕಿಡಿ ಒಳಗೆ ಸೇರುವ ಮುಂಚೆಯೇ ಒತ್ತಡ ಎರಡು ಹಂತಗಳನ್ನೂ ದೂರ ತಳ್ಳಿಬಿಟ್ಟಿದೆ. ಟೇಪ್ ಬೇಕಾಗಿದ್ದದ್ದು ಆ ಒಂದು ಕ್ಷಣ ಹಿಡಿದುಕೊಳ್ಳುವುದಕ್ಕೆ. ಮೇಲಿನದು ಹೊತ್ತಿದ ಮೇಲೆ ಅದು ತಾನಾಗಿ ಸುಟ್ಟು ಹರಿಯುತ್ತದೆ.

ಆ ಮೋಟಾರನ್ನು ಮತ್ತೆ ಬಳಸಲಿಲ್ಲ. ಬಿದ್ದ ಪೆಟ್ಟಿನಿಂದ ಒಳಗಿನ ಮದ್ದು ಬಿರುಕು ಬಿಟ್ಟಿದ್ದರೆ ಮುಂದಿನ ಸಲ ಉರಿಯುವ ಬದಲು ಒಡೆಯಬಹುದು. ನೀರಲ್ಲಿ ನೆನೆಹಾಕಿ, ಮದ್ದು ಉಬ್ಬಿ ಕರಗಿದ ಮೇಲೆ ಬಿಸಾಡಿದೆ.

ಎರಡನೇ ಹಾರಾಟ. ಟೇಪ್ ಹಾಕಿದೆ, ಮೇಲಿನದು ಹೊತ್ತಿತು. ಆದರೆ ಹೊತ್ತುವ ಹೊತ್ತಿಗೆ ರಾಕೆಟ್ ಅರ್ಧ ಮಲಗಿತ್ತು. ಉಳಿದ ಶಕ್ತಿಯೆಲ್ಲ ಪಕ್ಕಕ್ಕೆ ಹೋಗುವುದರಲ್ಲೇ ಖರ್ಚಾಯಿತು. ಮೇಲಿನ ಹಂತವನ್ನು ಹುಡುಕೋಕೆ ಒಂದು ಗಂಟೆ ಬೇಕಾಯಿತು.

ತಪ್ಪು ನನ್ನ ಅತಿ ಜಾಣತನದ್ದು. ಎರಡು ಹಂತದ ರಾಕೆಟ್ಟಿಗೆ ಸ್ಥಿರತೆಯ ಲೆಕ್ಕ ಎರಡು ಸಲ ಹಾಕಬೇಕು, ಪೂರ್ತಿ ಜೋಡಿಗೆ ಒಮ್ಮೆ, ಮೇಲಿನ ಹಂತ ಒಂದಕ್ಕೇ ಒಮ್ಮೆ. ತೂಕದ ಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಕಡಿಮೆ ಅಂದ್ರೂ ಕೊಳವೆಯ ಒಂದು ವ್ಯಾಸದಷ್ಟು ಮುಂದಿರಬೇಕು. ಬೂಸ್ಟರ್ ಸೇರಿದಾಗ ಹಿಂದೆ ಒಂದು ಮೋಟಾರಿನ ಭಾರ ಜಾಸ್ತಿ, ಹಾಗಾಗಿ ತೂಕದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಅದಕ್ಕೇ ಬೂಸ್ಟರ್ ರೆಕ್ಕೆ ದೊಡ್ಡದಿರುತ್ತದೆ. ನಾನು ಭಯಕ್ಕೆ ತೀರಾ ದೊಡ್ಡದು ಮಾಡಿದ್ದೆ. ಈ ಲೆಕ್ಕ ಹಾಕುವ ಓಪನ್‌ರಾಕೆಟ್ ಎಂಬ ಸಾಫ್ಟ್‌ವೇರ್ ಆ ಅಂತರ 2.6 ವ್ಯಾಸ ಅಂತ ತೋರಿಸುತ್ತಿತ್ತು. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡೆ. ಅಲ್ಲ. ಅಷ್ಟು ದೊಡ್ಡ ಬಾಲ ಇರುವ ರಾಕೆಟ್ ಗಾಳಿಕೋಳಿಯ ಹಾಗೆ ಗಾಳಿ ಬರುವ ಕಡೆಗೇ ಮೂತಿ ತಿರುಗಿಸುತ್ತದೆ. ಒಂದೇ ಹಂತದ್ದಾದರೆ ಸ್ವಲ್ಪ ವಾಲಿದರೂ ನಡೆಯುತ್ತದೆ. ಇಲ್ಲಿ ವಾಲಿದ ದಿಕ್ಕಿಗೇ ಇನ್ನೊಂದು ಮೋಟಾರ್ ತಳ್ಳುತ್ತದೆ. ಸಾಲದ್ದಕ್ಕೆ ಒಟ್ಟು ತೂಕ 112 ಗ್ರಾಂ ಇತ್ತು, ಹಾಗಾಗಿ ಲಾಂಚ್ ರಾಡ್ (ರಾಕೆಟ್ ನೆಟ್ಟಗೆ ಹೊರಡಲಿ ಅಂತ ನಿಲ್ಲಿಸುವ ಸರಳು) ಬಿಡುವಾಗ ವೇಗವೂ ಸಾಲಲಿಲ್ಲ.

ಆಮೇಲೆ ಮೂರು ವಾರ ಮರದ ಪುಡಿಯಲ್ಲೇ ಕಳೆದೆ. ಬೂಸ್ಟರ್ ರೆಕ್ಕೆ ಕತ್ತರಿಸಿ 1.4ಕ್ಕೆ ತಂದೆ. ಬಣ್ಣ ಪೂರ್ತಿ ಉಜ್ಜಿ ತೆಗೆದೆ. ಕೆಂಪು ಪಟ್ಟೆ ಹೋಗಿದ್ದು ನೋಡಿ ತಂಗಿಗೆ ಬೇಜಾರು, ನನಗೂ. ಕೆಳಗಿನ ಮೋಟಾರನ್ನು ಬಿ6-0ಗೆ ಬದಲಾಯಿಸಿದೆ. ಅದು ಉರಿಯುವುದು ಒಂದು ಸೆಕೆಂಡಿಗಿಂತ ಕಡಿಮೆ, ಅಷ್ಟರಲ್ಲಿ ವಾಲೋಕೆ ಪುರುಸೊತ್ತೇ ಇರುವುದಿಲ್ಲ. 90 ಸೆಂ.ಮೀ. ರಾಡ್ ಬಿಟ್ಟು 120ರದ್ದು ತಂದೆ. ತೂಕ 93 ಗ್ರಾಮಿಗೆ ಇಳಿಯಿತು.

ಮೂರನೇದು. ಗಾಳಿ ಇಲ್ಲದ ಬೆಳಗ್ಗೆ. “ಟೇಪ್ ಹಾಕಿದ್ಯಾ ಅಣ್ಣಾ?” ಹಾಕಿದ್ದೆ. ಸುರಕ್ಷತಾ ಕೀ ತಿರುಗಿಸಿ ಗುಂಡಿ ಒತ್ತಿದೆ. ರಾಡ್ ಬಿಟ್ಟು ನಾವು ತಲೆ ಎತ್ತುವಷ್ಟರಲ್ಲಿ ಹೊಗೆಯ ಗೆರೆ ಒಂದು ಕಡೆ ಗಂಟು ಕಟ್ಟಿದ ಹಾಗಾಯಿತು, ಅಲ್ಲಿಂದ ಇನ್ನೊಂದು ತೆಳು ಗೆರೆ ಶುರುವಾಯಿತು. ಬೂಸ್ಟರ್ ಪಲ್ಟಿ ಹೊಡೆಯುತ್ತಾ ಪಕ್ಕದಲ್ಲೇ ಬಿತ್ತು. ಅದಕ್ಕೆ ಪ್ಯಾರಾಚೂಟ್ ಇಲ್ಲ, ಉರುಳುತ್ತಾ ಬೀಳುವುದೇ ಅದರ ಬ್ರೇಕು. ಮೇಲಿನದರಲ್ಲಿ ಈ ಸಲ ಪ್ಯಾರಾಚೂಟ್ ಬದಲು ರಿಬ್ಬನ್ ಇಟ್ಟಿದ್ದೆ. ಅಷ್ಟು ಎತ್ತರದಿಂದ ಪ್ಯಾರಾಚೂಟ್ ಎಲ್ಲಿಗೆ ಬೇಕಾದರೂ ತೇಲಿಹೋಗಬಹುದು. ತಂಗಿ 100 ಮೀಟರ್ ದೂರದಲ್ಲಿ ಕೋನಮಾಪಕ ಹಿಡಿದು ನಿಂತಿದ್ದಳು, 68 ಡಿಗ್ರಿ ಅಂದಳು. ಅಂದ್ರೆ ಸುಮಾರು 247 ಮೀಟರ್. ಒಂದೇ ಕಡೆಯಿಂದ ಅಳೆದದ್ದು, ರಾಕೆಟ್ ಅತ್ತಿತ್ತ ಸರಿದಿದ್ದರೆ ಲೆಕ್ಕ ತಪ್ಪುತ್ತದೆ. ಇರಲಿ, ಅವಳು ಆಗಲೇ ಎಲ್ಲರಿಗೂ 250 ಅಂತ ಹೇಳಿಯಾಗಿದೆ.

ಈಗ ಬೂಸ್ಟರ್ ಉದ್ದ ಮಾಡುತ್ತಿದ್ದೇನೆ. ಮೋಟಾರುಗಳ ಮಧ್ಯೆ 20 ಸೆಂ.ಮೀ. ಅಂತರ ಇರುತ್ತದೆ, ಟೇಪ್ ಸುತ್ತೋಕಾಗುವುದಿಲ್ಲ. ಬೆಂಕಿ ಮೇಲೆ ಬರುವಾಗ ಮುಂದಿರುವ ತಣ್ಣನೆ ಗಾಳಿ ಒತ್ತಿಕೊಂಡು ಹಂತಗಳನ್ನು ದೂಡದಿರಲಿ ಅಂತ ಬೂಸ್ಟರಿನ ಮೇಲ್ತುದಿಯಲ್ಲಿ ಎದುರುಬದುರು ಎರಡು ತೂತು ಕೊರೆದಿದ್ದೇನೆ. ರೆಕ್ಕೆಗೆ ಹಾಕಿದ ಅಂಟು ಇನ್ನೂ ಒಣಗಬೇಕು.