ಬೇವಿನ ತುದಿ ಒಣಗಿದರೆ ಬುಡಕ್ಕೆ ಕೊಡಲಿ ಯಾಕೆ?

ದೀಪಾವಳಿ ಮುಗಿಯುವ ಹೊತ್ತಿಗೆ ವಿಜಯಪುರದಿಂದ ತಿಕೋಟಾ ಕಡೆ ಹೊರಟವರ ಕಣ್ಣಿಗೆ ಬೇವಿನ ಗಿಡಗಳ ತುದಿ ಬೆಂಕಿ ತಾಗಿದ ಹಾಗೆ ಕಂದಾಗಿರುವುದು ಬೀಳುತ್ತದೆ. ನೀರಿಲ್ಲದೆ ಒಣಗಿರಬೇಕು ಅನ್ನುವವರೇ ಹೆಚ್ಚು. ಆದರೆ ನೀರು ಸಾಲದ ಬೇವು ಏಪ್ರಿಲ್‌ನಲ್ಲಿ ಒಣಗಬೇಕಿತ್ತು, ಮಳೆ ಬಿದ್ದ ಮೇಲೆ ಅಲ್ಲ. ಇದು ತುದಿ ಒಣಗು ರೋಗ. ಮಳೆಗಾಲದಲ್ಲಿ ಶುರುವಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಜೋರಾಗುತ್ತದೆ. ಇದಕ್ಕೆ ಕಾರಣ ಫೋಮೋಪ್ಸಿಸ್ ಅಝಾಡಿರಾಕ್ಟೇ ಎಂಬ ಶಿಲೀಂಧ್ರ. ಮೈಸೂರಿನ ಸಂಶೋಧಕರು 1997ರಲ್ಲಿ ಅದನ್ನು ಹೊಸ ಪ್ರಭೇದವೆಂದು ಗುರುತಿಸಿದರು. 2021ರ ಸುಮಾರಿಗೆ ತೆಲಂಗಾಣದ ಬೇವುಗಳು ಸಾಲುಸಾಲಾಗಿ ಒಣಗಿದ್ದು ಸುದ್ದಿಯಾದಾಗಲೇ ಬಹಳ ಜನರಿಗೆ ಇದರ ಹೆಸರು ಗೊತ್ತಾದದ್ದು.

ಜನವರಿಯ ಒಂದು ಭಾನುವಾರ ತಿಕೋಟಾ ಕಡೆಯ ಊರೊಂದರ ಶಾಲೆ ಮುಂದಿನ ಬೇವಿನ ಸಾಲನ್ನು ಸವರುವ ಕೆಲಸ ಇತ್ತು. ಬಂದವರಲ್ಲಿ ಅರ್ಧದಷ್ಟು ಜನ ದ್ರಾಕ್ಷಿ ಬೆಳೆಗಾರರು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ವರ್ಷಕ್ಕೆರಡು ಸಲ ಬಳ್ಳಿ ಸವರಿ ಕೈ ಪಳಗಿದವರು. ಕತ್ತರಿ ಹಿಡಿಯುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ದ್ರಾಕ್ಷಿಯಲ್ಲಿ ಬೆರಳು ಗಾತ್ರದ ಕಡ್ಡಿ, ಇಲ್ಲಿ ತೊಡೆ ಗಾತ್ರದ ಟೊಂಗೆ.

ಜನವರಿಯೇ ಯಾಕೆ ಅಂದರೆ, ಆಗ ಮಳೆ ಇರುವುದಿಲ್ಲ, ಹಸಿ ಗಾಯಕ್ಕೆ ಶಿಲೀಂಧ್ರದ ಬೀಜಕಣ ಸಿಡಿದು ಕೂರುವ ಭಯ ಕಡಿಮೆ. ಜೊತೆಗೆ, ರೋಗದ ಕಡ್ಡಿ ಒಣಗಿದ ಎಲೆಗಳನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಸುತ್ತ ಹಸಿರು, ನಡುವೆ ಕಂದು, ನೆಲದಿಂದಲೇ ಗುರುತು ಹತ್ತುತ್ತದೆ. ಫೆಬ್ರವರಿ ದಾಟಿದರೆ ಬೇವು ತಾನಾಗಿ ಎಲೆ ಉದುರಿಸಿ ಬೋಳಾಗುತ್ತದೆ, ಸತ್ತದ್ದು ಯಾವುದು ಬದುಕಿದ್ದು ಯಾವುದು ಎಂದು ಪ್ರತಿ ಟೊಂಗೆ ಹತ್ತಿ ನೋಡಬೇಕಾಗುತ್ತದೆ.

ಕಾಗದದ ಕೆಲಸ ಮೊದಲೇ ಮುಗಿಸಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯುವುದು ಎಂಬುದರ ಅರ್ಥದೊಳಗೆ ಟೊಂಗೆ ಸವರುವುದೂ ಬರುತ್ತದೆ. ಸದುದ್ದೇಶ ಇದೆ ಎಂದು ರಸ್ತೆ ಬದಿಯ ಗಿಡಕ್ಕೆ ಗರಗಸ ಹಚ್ಚುವಂತಿಲ್ಲ. ಶಾಲೆಯವರಿಂದ ಒಂದು ಪತ್ರ, ಅರಣ್ಯ ಇಲಾಖೆಯಿಂದ ಲಿಖಿತ ಒಪ್ಪಿಗೆ, ತಂತಿ ಹಾದಿದ್ದರೆ ಲೈನ್‌ಮನ್ ಬಂದು ಕರೆಂಟ್ ತೆಗೆಯುವ ಮಾತು, ಇಷ್ಟೂ ಕೈಯಲ್ಲಿದ್ದ ಮೇಲೆ ಏಣಿ ಹೊರಗೆ ತರಬೇಕು. ತಂತಿಯ ಪಕ್ಕದ ಟೊಂಗೆಯನ್ನು ಸ್ವಯಂಸೇವಕರು ಮುಟ್ಟಲೇಬಾರದು.

ಕೆಲಸ ಶುರುವಾಗುವ ಮೊದಲೇ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ತೀರ್ಪು ಕೊಟ್ಟಾಗಿತ್ತು: "ಇದ್ ಮುಗದೈತ್ರಿ. ಬುಡಕ್ಕ ಕಡದ ಒಗೀರಿ, ಬ್ಯಾರೆ ಹಚ್ಚೂಣು."

"ಅಜ್ಜಾರ, ಒಣಗಿದ್ದರ ಕೆಳಗ ಎರಡ ಗೇಣ ಬಿಟ್ಟ ಉಗುರಲೇ ಕೆರದ ನೋಡ್ರಿ."

ಕೆರೆದರು. ತೊಗಟೆಯ ಕೆಳಗೆ ತೇವದ ಹಸಿರು. ಇಡೀ ಕೆಲಸ ನಿಂತಿರುವುದು ಈ ಪರೀಕ್ಷೆಯ ಮೇಲೆ. ಈ ರೋಗ ಮೊದಲು ಹಿಡಿಯುವುದು ತುದಿಯ ಎಳೆ ಕಡ್ಡಿ, ಹೂಗೊಂಚಲು ಮತ್ತು ಕಾಯಿಗಳನ್ನು. ಒಂದು ವರ್ಷಕ್ಕೇ ದೊಡ್ಡ ಗಿಡ ಸಾಯುವುದಿಲ್ಲ. ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ, ಮಳೆಗಾಲದಲ್ಲಿ ಮತ್ತೆ ಒಣಗುತ್ತದೆ, ಹೀಗೆ ವರ್ಷವರ್ಷ ಸೊರಗುತ್ತ ಹೋಗುತ್ತದೆ. ಕಡಿದು ಹಾಕುವವರು ಬದುಕುವ ಗಿಡವನ್ನೂ ಕಳೆದುಕೊಳ್ಳುತ್ತಾರೆ.

ಒಣಗಿದ ಕಡ್ಡಿ ಕೈಗೆ ತೆಗೆದುಕೊಂಡು ಬಿಸಿಲಿಗೆ ಓರೆ ಹಿಡಿದರೆ ತೊಗಟೆಯ ಮೇಲೆ ಸಣ್ಣ ಕರಿ ಚುಕ್ಕೆಗಳು ಕಾಣುತ್ತವೆ. ಬೆರಳಾಡಿಸಿದರೆ ತುಸು ಒರಟು. ಬೀಜಕಣ ತಯಾರಾಗುವ ಗೂಡುಗಳು ಅವು. ಮಳೆ ಹನಿ ಬಿದ್ದು ಸಿಡಿದಾಗ, ಹುಳುಗಳ ಮೈಗೆ ಅಂಟಿದಾಗ ರೋಗ ಪಕ್ಕದ ಟೊಂಗೆಗೆ ಹೋಗುತ್ತದೆ. ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಹುಳವೂ ಎಳೆ ಚಿಗುರಿನ ರಸ ಹೀರಿ ಒಣಗಿಸುತ್ತದೆ, ಆ ಗಾಯ ಶಿಲೀಂಧ್ರಕ್ಕೆ ಬಾಗಿಲಾಗುತ್ತದೆ. ಹುಳದ ಕೆಲಸವಾದರೆ ಚಿಗುರಿನ ಕಾಂಡದ ಮೇಲೆ ಕಂದು ಗಾಯ, ಅಂಟಿನ ಹನಿ ಇರುತ್ತದೆ. ಗೊತ್ತಾಗದಿದ್ದರೆ ಹಸಿರೂ ಒಣಗಿದ್ದೂ ಸೇರುವ ಜಾಗದ ಒಂದು ಗೇಣು ಕಡ್ಡಿಯನ್ನು ಪೇಪರಿನಲ್ಲಿ ಸುತ್ತಿ ಕೃಷಿ ಕಾಲೇಜಿನ ರೋಗಶಾಸ್ತ್ರದವರಿಗೆ ತೋರಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತ ಕಡ್ಡಿಗೆ ಬೇರೆ ಬೂಷ್ಟು ಹತ್ತಿ ಯಾವುದು ಮೂಲ ಎಂದು ತಿಳಿಯುವುದೇ ಇಲ್ಲ.

ಕತ್ತರಿಸುವುದು ಒಣಗಿದ ಗಡಿಯಲ್ಲಿ ಅಲ್ಲ, ಅದರ ಕೆಳಗೆ ಒಂದು ಗೇಣು ಹಸಿರು ಸೇರಿಸಿ. ಕತ್ತರಿಸಿದ ಮುಖ ನೋಡಬೇಕು. ತಿರುಳಿನ ಸುತ್ತ ಕಂದು ಕಲೆ ಇದ್ದರೆ ಮತ್ತೆ ಕೆಳಗೆ ಹೋಗಬೇಕು, ಮುಖ ಪೂರ್ತಿ ಬಿಳಿ ಬರುವವರೆಗೆ. ಮಣಿಕಟ್ಟಿಗಿಂತ ದಪ್ಪ ಟೊಂಗೆಗೆ ಮೂರು ಕೊಯ್ತ. ಮೊದಲನೆಯದು ಬುಡದಿಂದ ಒಂದು ಅಡಿ ಆಚೆ, ಕೆಳಗಿನಿಂದ ಮೂರನೇ ಒಂದು ಭಾಗ ಮಾತ್ರ. ಎರಡನೆಯದು ಅದಕ್ಕಿಂತ ತುಸು ಆಚೆ, ಮೇಲಿನಿಂದ, ಟೊಂಗೆ ಬೀಳುವವರೆಗೆ. ಮೂರನೆಯದು ಉಳಿದ ಮೋಟು ತೆಗೆಯಲು, ಟೊಂಗೆ ಕಾಂಡಕ್ಕೆ ಕೂಡುವಲ್ಲಿ ಉಬ್ಬಿದ ಬಳೆಯ ಹೊರಗೆ. ಮೊದಲ ಕೊಯ್ತ ಬಿಟ್ಟರೆ ಟೊಂಗೆ ಬೀಳುವಾಗ ಕಾಂಡದ ತೊಗಟೆಯನ್ನು ಗೇಣುಗಟ್ಟಲೆ ಸುಲಿದುಕೊಂಡೇ ಬೀಳುತ್ತದೆ. ಬಳೆಯನ್ನೇ ಕೊಯ್ದರೆ ಗಾಯ ಮಾಯುವುದಿಲ್ಲ, ಮೋಟು ಉದ್ದ ಬಿಟ್ಟರೆ ಅದು ಕೊಳೆತು ಒಳಗೆ ಇಳಿಯುತ್ತದೆ. ಕೊಡಲಿಯಿಂದ ಇದು ಯಾವುದೂ ಆಗದು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಗರಗಸ, ಕತ್ತರಿಗಳನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಮಧ್ಯಾಹ್ನದ ಮೇಲೆ ಎಲ್ಲರೂ ಮರೆಯುವುದು ಇದನ್ನೇ. ಆದ್ದರಿಂದ ಒರೆಸುವ ಕೆಲಸವನ್ನು ಒಬ್ಬರಿಗೇ ವಹಿಸುವುದು ಲೇಸು.

ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮು. ಒಂದು ಪ್ಲಾಸ್ಟಿಕ್ ಬಕೆಟ್‌ನಲ್ಲಿ 5 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದರಲ್ಲಿ 5 ಲೀಟರ್ ನೀರಿಗೆ 1 ಕೆಜಿ ಸುಟ್ಟ ಸುಣ್ಣ. ಸುಣ್ಣ ಅರಳಿ, ಆರಿದ ಮೇಲೆ ಮೈಲುತುತ್ತದ ನೀರನ್ನು ನಿಧಾನವಾಗಿ ಅದಕ್ಕೆ ಸುರಿಯುತ್ತ ಕಟ್ಟಿಗೆಯಿಂದ ತಿರುಗಿಸಬೇಕು. ಕಬ್ಬಿಣದ ಬಕೆಟ್ ಬಳಸಿದರೆ ತಾಮ್ರವೆಲ್ಲ ಅದಕ್ಕೇ ಅಂಟುತ್ತದೆ. ಈ ಗುಣವೇ ಪರೀಕ್ಷೆಗೂ ಬರುತ್ತದೆ. ಉಜ್ಜಿ ತೊಳೆದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಬೇಕು. ಅಂಗಡಿಯಲ್ಲಿ ಎಂದೋ ತಂದಿಟ್ಟ ಸುಣ್ಣ ಗಾಳಿಗೆ ಸತ್ತಿರುತ್ತದೆ, ಹಾಗಾಗಿ ಕೆಂಪು ಬರುವುದೇ ಹೆಚ್ಚು. ಕಲಸಿದ್ದನ್ನು ಅದೇ ದಿನ ಬಳಿದು ಮುಗಿಸಬೇಕು.

ಗಿಡಕ್ಕೆ ಔಷಧ ಹೊಡೆಯಬಾರದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾರ್ಬೆಂಡಾಜಿಮ್ ಈ ಶಿಲೀಂಧ್ರವನ್ನು ತಡೆಯುತ್ತದೆ. ಆದರೆ ಮೂವತ್ತು ಅಡಿ ಗಿಡದ ತುದಿ ಪೂರ್ತಿ ನೆನೆಯುವಂತೆ ಹೊಡೆಯುವುದು ಬೆನ್ನಿನ ಪಂಪಿನ ಕೆಲಸವಲ್ಲ. ತಿಕೋಟಾ ಭಾಗದಲ್ಲಿ ಇನ್ನೊಂದು ತೊಡಕಿದೆ: ಜನವರಿಯಲ್ಲಿ ಪಕ್ಕದ ಪಡಗಳಲ್ಲಿ ದ್ರಾಕ್ಷಿ ಗೊನೆ ತುಂಬಿಕೊಳ್ಳುತ್ತಿರುತ್ತದೆ. ಗಾಳಿಗೆ ತೂರಿದ ಔಷಧದ ಉಳಿಕೆ ಮಿತಿ ಮೀರಿದರೆ ರಫ್ತಿನ ಮಾಲು ತಿರಸ್ಕೃತವಾಗುತ್ತದೆ. ನಮ್ಮ ಮಟ್ಟಿಗೆ ಔಷಧ ಇರಬೇಕಾದ್ದು ನರ್ಸರಿಯಲ್ಲಿ, ದೊಡ್ಡ ಗಿಡದ ಮೇಲೆ ಅಲ್ಲ.

ಸವರಿದ್ದನ್ನು ಏನು ಮಾಡಿದಿರಿ ಎಂಬುದರಲ್ಲಿ ಅರ್ಧ ಕೆಲಸ ಇದೆ. ಮೂಲೆಯಲ್ಲಿ ಒಟ್ಟಿದರೆ ಮುಂದಿನ ಮಳೆಗೆ ಅದೇ ರೋಗದ ಕಣಜ. ಒಲೆಗೆ ಒಯ್ಯುವವರಿಗೆ ಕೊಡಬಹುದು, ರೋಹಿಣಿ ಮಳೆಗೆ ಮೊದಲು ಉರಿದು ಬೂದಿಯಾಗಬೇಕು ಎಂಬ ಕರಾರಿನ ಮೇಲೆ. ಬೇಲಿಗೆ ಮಾತ್ರ ಕೊಡಬಾರದು.

ಇಷ್ಟಾದರೂ ಸವರುವುದು ಇದ್ದ ಗಿಡ ಉಳಿಸುವ ಕೆಲಸ ಮಾತ್ರ. ಹೊಸ ಗಿಡದ ಮಾತು ಬಂದಾಗ ತಪ್ಪುವುದು ಬೀಜದಲ್ಲಿ. ಈ ರೋಗ ಬೀಜದೊಳಗೇ ಕೂತು ಸಸಿಗೆ ಬರುತ್ತದೆ. ಎಲ್ಲಿಯದೋ ಬೀಜದ ಸಾವಿರ ಸಸಿ ತಂದು ಒಂದೇ ದಿನ ನೆಟ್ಟು ಫೋಟೊ ಹೊಡೆಸಿಕೊಳ್ಳುವ ಕಾರ್ಯಕ್ರಮಗಳ ಬಗ್ಗೆ ನಮಗೆ ಅನುಮಾನ ಇರುವುದು ಇದಕ್ಕೇ. ಆ ಭಾನುವಾರ ಸಾಲಿನ ಪ್ರತಿ ಗಿಡಕ್ಕೂ ಸುಣ್ಣದಲ್ಲಿ ಗುರುತು ಹಾಕಿದ್ದು ಬೀಜದ ಸಲುವಾಗಿ. ತುದಿ ಒಣಗದ, ವಯಸ್ಸಾದ ಗಿಡಗಳಿಗೆ ಒಂದು ಪಟ್ಟೆ, ಸವರಿದವುಗಳಿಗೆ ಎರಡು. ಜೂನ್-ಜುಲೈನಲ್ಲಿ ಹಣ್ಣು ತೆಗೆಯುವುದು ಒಂದು ಪಟ್ಟೆಯ ಗಿಡದಿಂದ ಮಾತ್ರ.

ಅದೂ ನೆಲಕ್ಕೆ ಬಿದ್ದ ಹಣ್ಣಲ್ಲ. ತಾಡಪತ್ರಿ ಹಾಸಿ ಟೊಂಗೆ ಅಲುಗಿಸಿದಾಗ ಬೀಳುವ ಹಳದಿ ಹಣ್ಣು. ಕಪ್ಪು ಕಲೆ ಇದ್ದದ್ದನ್ನು ಅಲ್ಲೇ ಎಸೆದು, ಉಳಿದದ್ದನ್ನು ಅಂದೇ ಮರಳಿನ ಜೊತೆ ನೀರಿನಲ್ಲಿ ಉಜ್ಜಿ ತಿರುಳು ತೆಗೆಯಬೇಕು. ತೇಲಿದ ಬೀಜ ಬೇಡ. ನೆರಳಿನಲ್ಲಿ ಎರಡು ದಿನ ಆರಿಸಿ, ಕೆಜಿಗೆ 2 ಗ್ರಾಂ ಕಾರ್ಬೆಂಡಾಜಿಮ್ ಲೇಪಿಸಿ, ಎರಡು ವಾರದೊಳಗೆ ಬಿತ್ತಬೇಕು. ಬೇವಿನ ಬೀಜಕ್ಕೆ ಆಯುಸ್ಸು ಕಡಿಮೆ. ಹತ್ತಿ ಬೀಜದ ಹಾಗೆ ಡಬ್ಬಿಯಲ್ಲಿ ಕಟ್ಟಿಟ್ಟು ಮುಂದಿನ ವರ್ಷ ಬಿತ್ತುತ್ತೇವೆ ಅಂದರೆ ಒಂದೂ ಮೊಳೆಯದು. ಚೀಲದ ಮಣ್ಣಿಗೆ ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಕೊಳೆತ ತಿಪ್ಪೆ ಗೊಬ್ಬರ ಒಂದು. ಬೀಜವನ್ನು ಅಡ್ಡ ಮಲಗಿಸಿ ಒಂದು ಸೆಂಟಿಮೀಟರ್ ಆಳಕ್ಕೆ ಊರಿದರೆ ಒಂದರಿಂದ ಮೂರು ವಾರದಲ್ಲಿ ಮೊಳಕೆ. ನೀರು ಬೆಳಿಗ್ಗೆಯೇ, ಬುಡಕ್ಕೆ. ಸಂಜೆ ಮೇಲಿನಿಂದ ಚಿಮುಕಿಸಿದರೆ ಎಲೆ ರಾತ್ರಿಯಿಡೀ ತೇವವಾಗಿರುತ್ತದೆ, ರೋಗಕ್ಕೆ ಅಷ್ಟು ಸಾಕು. ಸೆಪ್ಟೆಂಬರ್‌ನಲ್ಲಿ ತುದಿ ಕಪ್ಪಾದ ಸಸಿ ಕಂಡರೆ ಚಿವುಟಿ ಉಳಿಸಲು ಹೋಗದೆ ಚೀಲ ಸಮೇತ ತೆಗೆಯಬೇಕು. ಪಕ್ಕದವುಗಳಿಗೆ ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಅದೇ ಔಷಧ ಸಿಂಪಡಿಸಿದರೆ ಆಯಿತು.

ನೆಡುವುದು ಮುಂದಿನ ಮಿರಗಕ್ಕೆ, ಅಂದರೆ ಜೂನ್‌ನ ಮೃಗಶಿರಾ ಮಳೆಗೆ. ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಗುಂಡಿ ಒಂದೂವರೆ ಅಡಿಯಾದರೂ ಇರಲಿ, ತುಂಬುವಾಗ ಅರ್ಧದಷ್ಟು ಕೆಂಪು ಮಣ್ಣು ಬೆರೆಸಬೇಕು. ಇಲ್ಲದಿದ್ದರೆ ಬೇಸಿಗೆಯಲ್ಲಿ ನೆಲ ಬಿರಿದು ಎಳೆ ಬೇರು ಹರಿಯುತ್ತದೆ. ಗಿಡದಿಂದ ಗಿಡಕ್ಕೆ ಹದಿನೈದು ಅಡಿ. ಸಾಲಿನಲ್ಲಿ ಪೂರ್ತಿ ಸತ್ತ ಬೇವಿನ ಜಾಗಕ್ಕೆ ಮತ್ತೆ ಬೇವು ಬೇಡ, ಹುಣಸೆಯೋ ಹೊಂಗೆಯೋ ಬನ್ನಿಯೋ ಇರಲಿ. ಎರಡು ಬೇವಿನ ನಡುವೆ ಬೇರೆ ಜಾತಿಯ ಗಿಡ ನಿಂತರೆ ಟೊಂಗೆಗೆ ಟೊಂಗೆ ತಾಗಿ ರೋಗ ದಾಟುವ ದಾರಿ ಅಷ್ಟು ದೂರವಾಗುತ್ತದೆ.